ಒಂದೇ ತೂತಿನ ಬಾಟಲಿ

“ಸಾಹೇಬ್ರ, ಇದು ಆ ಬಾಟ್ಲಿ ಅಲ್ಲ.”

ರೇಣು ಆ ಪುಟ್ಟ ಗಾಜಿನ ಬಾಟಲಿಯನ್ನು ಆಸ್ಪತ್ರೆಯ ವಾರ್ಡಿನ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಅದರ ರಬ್ಬರು ಮುಚ್ಚಳವನ್ನೇ ನೋಡುತ್ತಿದ್ದಳು. ಆಚೆ ಪುಣೆಯ ಮಗರಪಟ್ಟಾದ ಕಟ್ಟಡಗಳು ಮಧ್ಯಾಹ್ನದ ಬಿಸಿಲಿಗೆ ಮಿರುಗುತ್ತಿದ್ದವು. ಅವುಗಳ ಮೇಲೆ ಅವಳಿಗೆ ಗಮನವಿರಲಿಲ್ಲ.

ಪಿಎಸ್‌ಐ ಶಿವಪ್ರಕಾಶ ಬಿರಾದಾರನಿಗೆ ಈ ಮಾತು ಸುತಾರಾಂ ಹಿಡಿಸಲಿಲ್ಲ. ಅಕ್ಕಲಕೋಟೆಯ ಕಡೆಯವನು. ಪುಣೆ ಪೊಲೀಸರಲ್ಲಿ ಸೇರಿ ಮರಾಠಿಯಲ್ಲಿ ಬೈಯಲು ಕಲಿತಿದ್ದರೂ ಯೋಚನೆ ಮಾತ್ರ ಇನ್ನೂ ಕನ್ನಡದಲ್ಲೇ ಮಾಡುತ್ತಿದ್ದ. ಸರಳವಾಗಿದ್ದ ಕೇಸು ಕಣ್ಣೆದುರೇ ಜಟಿಲವಾಗುವುದನ್ನು ಯಾವ ಪೊಲೀಸು ಸಹಿಸುತ್ತಾನೆ?

“ಅದ ಡಬ್ಬಿ, ಅದ ಪೇಷಂಟ್ ಹೆಸರು, ಅದ ಔಷಧ. ಪಂಚನಾಮೆ ಆಗ್ಯದ. ಮತ್ತ ಬ್ಯಾರೆ ಹ್ಯಾಂಗ ಆಗ್ತದ್ರಿ ಮೇಡಂ?”

“ಡಬ್ಬಿ ಅದನ. ಬಾಟ್ಲಿ ಬ್ಯಾರೆ. ಬರ್ರಿ ಇಲ್ಲೆ. ಈ ರಬ್ಬರದಾಗ ಎಷ್ಟು ತೂತು ಅದಾವ, ನೋಡಿ ಹೇಳ್ರಿ.”

ಶಿವಪ್ರಕಾಶ ಬಗ್ಗಿ ನೋಡಿದ.

“ಒಂದು.”

“ಔಷಧ ಎಷ್ಟು ಖರ್ಚಾಗ್ಯದ?”

“ಅರ್ಧಾ ಆಗ್ಯದ.”

“ಇನ್ಸುಲಿನ್ ದಿನಾ ಎರಡು ಹೊತ್ತು ತಗೀತಾರ. ತಗದಾಗೊಮ್ಮೆ ಸೂಜಿ ಈ ರಬ್ಬರಿನ್ಯಾಗ ಹೊಕ್ಕು ಹೊರಗ ಬರಬೇಕು. ಅರ್ಧಾ ಖರ್ಚಾದ ಬಾಟ್ಲಿ ಬಾಯಿ ಜರಡಿ ಆಗಿರ್ತದ. ಇದಕ್ಕ ಒಂದ ತೂತು, ಅದೂ ದಪ್ಪ ಸೂಜಿದು. ಯಾರೋ ಹೊಸಾ ಬಾಟ್ಲಿ ತಂದು, ದೊಡ್ಡ ಸಿರಿಂಜಿನಿಂದ ಒಂದ ಸಲಕ್ಕ ಅರ್ಧಾ ಎಳದು ಚೆಲ್ಲಿ, ಹಳೇದರ ಜಾಗಾದಾಗ ಇಟ್ಟಾರ.”

ಶಿವಪ್ರಕಾಶ ಬಾಟಲಿಯನ್ನು ಕೈಗೆ ತೆಗೆದುಕೊಂಡು ತಾನೇ ಮತ್ತೊಮ್ಮೆ ನೋಡಿದ. ಈ ಸಲ ಅವನ ಹುಬ್ಬು ಗಂಟಿಕ್ಕಿತು.

ಆ ದಿನ ಬೆಳಿಗ್ಗೆ ಇದೇ ಗಂಡಸರ ವಾರ್ಡಿನಲ್ಲಿ, ಕಾಲಿನ ಹುಣ್ಣಿಗೆಂದು ದಾಖಲಾಗಿದ್ದ ಬೆಲ್ಲದ ವ್ಯಾಪಾರಿ ಈರಬಸಪ್ಪ ಇನ್ಸುಲಿನ್ ಚುಚ್ಚಿಸಿಕೊಂಡಿದ್ದ. ಉಪ್ಪಿಟ್ಟು ತಿಂದು ತಟ್ಟೆ ಕೆಳಗಿಡುವಷ್ಟರಲ್ಲಿ ಮೈಯೆಲ್ಲ ಬೆವೆತು, ಮಾತು ತೊದಲಿ, ಎಚ್ಚರ ತಪ್ಪಿ ಬಿದ್ದಿದ್ದ. ಬೆಲ್ಲ ಮಾರಿ ಬಾಳಿದವನ ರಕ್ತದಲ್ಲಿ ಸಕ್ಕರೆ ತಳ ಕಂಡಿತ್ತು. ಈಗ ಐಸಿಯುವಿನಲ್ಲಿ ಗ್ಲೂಕೋಸ್ ಹನಿಯ ಕೆಳಗೆ ಮಲಗಿದ್ದ, ಇನ್ನೂ ಕಣ್ಣು ತೆರೆದಿರಲಿಲ್ಲ.

ಆ ಇಂಜೆಕ್ಷನ್ನಿಗೆ ಸಹಿ ಹಾಕಿದ್ದವಳು ಮೂರನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ ದೀಕ್ಷಿತಾ. ಹುಡುಗಿ ಡೋಸು ತಪ್ಪಿದ್ದಾಳೆ ಎಂದು ಆಸ್ಪತ್ರೆ ಆಗಲೇ ತೀರ್ಮಾನಿಸಿಬಿಟ್ಟಿತ್ತು. ಸಂಜೆ ಕಾಲೇಜಿನ ಸಮಿತಿ ಸೇರುವುದಿತ್ತು. ಅಲ್ಲಿ ಅವಳ ಹೆಸರು ಹೊಡೆದುಹಾಕಿದರೆ ಈ ಜನ್ಮದಲ್ಲಿ ಅವಳು ನರ್ಸ್ ಆಗುವಂತಿಲ್ಲ. ಈರಬಸಪ್ಪನ ಮಗ ಕೊಟ್ಟ ದೂರಿನ ಮೇಲೆ ಶಿವಪ್ರಕಾಶ ಬಂಧಿಸಿದರೆ ಸಮಿತಿಯ ತೀರ್ಮಾನಕ್ಕೂ ಕಾಯಬೇಕಿರಲಿಲ್ಲ.

ಅವಳ ಪರವಾಗಿ ನಿಂತವಳು ಒಬ್ಬಳೇ, ಔಷಧಶಾಸ್ತ್ರ ಕಲಿಸುವ ಗೋಕಾಕದ ರೇಣು. ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ರೇಣು ಮೇಡಂ ಕ್ಲಾಸಿಗಿಂತ ಇಂಜೆಕ್ಷನ್ನೇ ಕಡಿಮೆ ನೋಯುತ್ತದೆ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು. ಅದು ರೇಣುವಿಗೂ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು.

“ಫ್ರಿಜ್ಜಿನ ಕೀಲಿ ಯಾರ ಹತ್ರ ಇರ್ತದ?” ಶಿವಪ್ರಕಾಶ ಕೇಳಿದ.

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಅನುಜಾ ಗೋಡೆಯ ಮೊಳೆಯತ್ತ ಬೆರಳು ತೋರಿಸಿದಳು. ಕೀಲಿ ಅಲ್ಲೇ ನೇತಾಡುತ್ತಿತ್ತು. ಕೀಲಿ ಹಾಕುವುದು ನಿಯಮ, ಅದನ್ನು ಮೊಳೆಗೆ ನೇತುಹಾಕುವುದು ರೂಢಿ. ಯಾರು ಬೇಕಾದರೂ ತೆಗೆಯಬಹುದಿತ್ತು.

“ಇಂಜೆಕ್ಷನ್ ಕೊಡೂಕ್ಕಿಂತ ಮೊದಲ ನೀವು ಸಿರಿಂಜ್ ನೋಡಿದ್ರೇನು?” ಎಂದು ರೇಣು ಅವಳನ್ನು ಮರಾಠಿಯಲ್ಲೇ ಕೇಳಿದಳು.

“ಮೀ ಸ್ವತಃ ಬಘಿತಲಂ, ಮ್ಯಾಡಂ. ಲಾಲ್ ಟೋಪೀಚೀ ಸಿರಿಂಜ್. ಬರೋಬ್ಬರ್ ವೀಸ್.”

ಕಣ್ಣಾರೆ ನೋಡಿದ್ದಾಳೆ. ಕೆಂಪು ಟೋಪಿಯ ಸಿರಿಂಜು, ಸರಿಯಾಗಿ ಇಪ್ಪತ್ತು. ಡಾಕ್ಟರು ಬರೆದದ್ದೂ ಇಪ್ಪತ್ತೇ. ಅನುಜಾಳ ದನಿಯಲ್ಲಿ ಅಳುಕಿರಲಿಲ್ಲ, ಬೇಸರವಿತ್ತು. ಬೆಳಿಗ್ಗೆಯಿಂದ ಅದೇ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದಳೋ ಪಾಪ.

ರೇಣು ಈರಬಸಪ್ಪನ ಖಾಲಿ ಮಂಚದ ಬಳಿ ಹೋದಳು. ಪೊಲೀಸರು ಏನನ್ನೂ ಮುಟ್ಟಗೊಟ್ಟಿರಲಿಲ್ಲ. ಸುಕ್ಕಾದ ಹಾಸಿಗೆ, ಅರ್ಧ ಕುಡಿದ ನೀರಿನ ತಂಬಿಗೆ. ಬಳಸಿದ ಸಿರಿಂಜು ಮತ್ತು ಹತ್ತಿ ಇದ್ದ ಟ್ರೇ ಕಿಟಕಿಯ ಕಡೆ, ಅಂದರೆ ರೋಗಿಯ ಎಡಕ್ಕೆ, ಸಂದಿಯ ಸ್ಟೂಲಿನ ಮೇಲಿತ್ತು. ಬಲಗಡೆ ಬೇಕಾದಷ್ಟು ಜಾಗ, ಲಾಕರಿನ ಮೇಲೆ ಟ್ರೇ ಇಡಲು ಅನುಕೂಲ. ಇಷ್ಟೆಲ್ಲ ಬಿಟ್ಟು ಆ ಇಕ್ಕಟ್ಟಿನಲ್ಲಿ ಯಾಕೆ ನಿಂತಳು ಈ ಹುಡುಗಿ?

ಅವಸರ ಎಂದುಕೊಂಡಳು ರೇಣು. ಅದನ್ನು ಅಲ್ಲಿಗೇ ಬಿಟ್ಟಳು. ಬಿಡಬಾರದಿತ್ತು.

ಟ್ಯೂಟರುಗಳ ಕೋಣೆಯಲ್ಲಿ ದೀಕ್ಷಿತಾ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಕಾಲ ಬಳಿ ಊರಿಗೆ ಹೋಗಿಬಂದವರ ಚೀಲ. ಭಾನುವಾರ ದೇಹೂ ರೋಡಿನ ಮನೆಗೆ ಹೋಗಿದ್ದವಳು ಬೆಳಿಗ್ಗೆ ನೇರವಾಗಿ ಡ್ಯೂಟಿಗೆ ಬಂದಿದ್ದಳು. ಅವಳ ಅಪ್ಪ ತನಿಯಪ್ಪ ಮೂಲ್ಕಿಯ ಕಡೆಯಿಂದ ಬಂದು ಅಲ್ಲಿ ಸಣ್ಣ ಹೋಟೆಲು ಇಟ್ಟವನು. ಮಗಳಿಗೆ ಕಟ್ಟಿಕೊಟ್ಟ ಬನ್ಸಿನ ಪೊಟ್ಟಣ ಚೀಲದ ಬಾಯಿಯಿಂದ ಇಣುಕುತ್ತಿತ್ತು. ಸುದ್ದಿ ಕೇಳಿ ಅವನೂ ಓಡಿಬಂದು ಕೆಳಗೆ ಗೇಟಿನ ಬಳಿ ನಿಂತಿದ್ದ. ಮೇಲೆ ಬರಲು ಯಾರೂ ಬಿಟ್ಟಿರಲಿಲ್ಲ.

ಮೇಜಿನ ಮೇಲೆ ರೇಣುವಿನ ಊಟದ ಡಬ್ಬಿ ಹಾಗೇ ಇತ್ತು. ಅದನ್ನು ಕಟ್ಟುವವಳು ತಂಗಿಯ ಮಗಳು ಅಪೂರ್ವ. ರೇಣುವಿನ ಮನೆಯಲ್ಲೇ ಇದ್ದು ದೀಕ್ಷಿತಾಳ ಜೊತೆಗೇ ಓದುತ್ತಿದ್ದಳು. ಅವಳು ಡಬ್ಬಿಯ ಬಟ್ಟೆಗೆ ಹಾಕುವ ಗಂಟು ಯಾವಾಗಲೂ ಉಲ್ಟಾ ಸುತ್ತಿರುತ್ತಿತ್ತು. ಅದನ್ನು ಬಿಚ್ಚುವಷ್ಟರಲ್ಲಿ ರೇಣುವಿನ ಹಸಿವು ಇಮ್ಮಡಿಯಾಗುತ್ತಿತ್ತು. ಇಂದು ಹಸಿವೇ ಇರಲಿಲ್ಲ. ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

“ಅಳೂದು ಸಾಕು. ಮೊದಲಿಂದ ಹೇಳು.”

“ಚಾರ್ಟ್ ನೋಡಿದೆ ಮೇಡಂ. ಅವರ ಹೆಸರು ಕೇಳಿದೆ, ಕೈಪಟ್ಟಿ ನೋಡಿದೆ. ಡಬ್ಬಿಯಿಂದ ತೆಗೆಯುವಾಗ ಒಮ್ಮೆ ಲೇಬಲ್ ಓದಿದೆ, ಸಿರಿಂಜಿಗೆ ಎಳೆಯುವ ಮೊದಲು ಒಮ್ಮೆ, ವಾಪಸ್ ಇಡುವಾಗ ಒಮ್ಮೆ. ಬಾಟಲಿಯನ್ನು ಕುಲುಕಲಿಲ್ಲ, ಅಂಗೈಯಲ್ಲಿ ಉರುಳಿಸಿದೆ. ಕೆಂಪು ಟೋಪಿಯ ಸಿರಿಂಜ್. ಇಪ್ಪತ್ತು ಯೂನಿಟ್. ಅನುಜಾ ಸಿಸ್ಟರಿಗೆ ತೋರಿಸಿದ್ದು. ಆಮೇಲೆ ಹೊಟ್ಟೆಗೆ.”

ಒಂದು ಅಕ್ಷರ ತಪ್ಪಿಲ್ಲ. ರೇಣು ಕ್ಲಾಸಿನಲ್ಲಿ ಹೇಳಿಕೊಟ್ಟದ್ದೆಲ್ಲ ಅದೇ ಅನುಕ್ರಮದಲ್ಲಿ ಹೊರಗೆ ಬಂದಿತ್ತು. ಪರೀಕ್ಷೆಯಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದಳು. ಇಂದು ಯಾಕೋ ಆ ಉತ್ತರ ಅವಳಿಗೆ ಖುಷಿ ಕೊಡಲಿಲ್ಲ.

“ಅಜ್ಜಾರು ಏನರ ಮಾತಾಡಿದ್ರ?”

“ಇಲ್ಲ ಮೇಡಂ. ಎಂತದೂ ಮಾತಾಡಲಿಲ್ಲ.”

“ಬಾಟ್ಲಿ?”

“ಅದೇ ಡಬ್ಬಿಯಲ್ಲಿ ಇಟ್ಟದ್ದು.”

ರೇಣು ಎದ್ದು ಅವಳ ಮುಂದೆ ಬಂದು ನಿಂತಳು. “ದೀಕ್ಷಿತಾ, ನಿನ್ನ ಸಲುವಾಗಿ ನಾ ಇವತ್ತು ಎಲ್ಲಾರ ಕೂಡ ಜಗಳಾಡೇನಿ. ಡೀನ್ ಕೂಡ, ಪೊಲೀಸರ ಕೂಡ. ನನಗ ಒಂದ ಮಾತು ಹೇಳು. ನೀ ತಪ್ಪ ಮಾಡಿದ್ದಿ ಅಂದ್ರ ಈಗ ಹೇಳು. ಆಮ್ಯಾಲ ಗೊತ್ತಾದ್ರ ಮಾತ್ರ ನಿನ್ನ ಮಾರಿ ನೋಡಾಕಿ ಅಲ್ಲ ನಾ.”

“ತಪ್ಪು ಇಂಜೆಕ್ಷನ್ ನಾನು ಕೊಡಲಿಲ್ಲ ಮೇಡಂ.” ಹುಡುಗಿ ಎರಡೂ ಕೈ ಜೋಡಿಸಿದಳು. “ಧರ್ಮಸ್ಥಳದ ಮಂಜುನಾಥನಾಣೆ.”

ಕರಾವಳಿಯವರು ಈ ಆಣೆಯನ್ನು ಸುಮ್ಮನೆ ಹಾಕುವವರಲ್ಲ. ಮುಳುಗುವವರೂ ಸುಳ್ಳಿಗೆ ಆ ದೇವರ ಹೆಸರು ಎತ್ತುವುದಿಲ್ಲ. ರೇಣುವಿಗೆ ಅಷ್ಟು ಸಾಕಾಯಿತು. ಅವಳ ತಲೆಯ ಮೇಲೊಮ್ಮೆ ಕೈಯಿಟ್ಟು ಹೊರಟಳು. ಬಾಗಿಲ ಹೊರಗೆ ಶಿವಪ್ರಕಾಶ ಕಾಯುತ್ತಿದ್ದ.

“ಏನಂದ್ಲು?”

“ಆಕಿ ಮಾಡಿದ್ದು ಸರಿ ಅದ. ಸಿರಿಂಜ್ ಸರಿ, ಗೆರಿ ಸರಿ, ಲೇಬಲ್ ಸರಿ. ಎಲ್ಲಾ ಸರಿ ಇದ್ದೂ ಮನಷ್ಯಾ ಬಿದ್ದಾನ ಅಂದ್ರ, ಸುಳ್ಳ ಹೇಳಿದ್ದು ಬಾಟ್ಲಿ ಒಳಗಿನ ಔಷಧ. ಅದಕ್ಕ ಆ ಬಾಟ್ಲಿ ಮಾಯ ಆಗ್ಯದ. ನಡೀರಿ, ಅವರ ಮನಿಯವರನ್ನ ಕೇಳೂಣು.”

ಐಸಿಯುವಿನ ಮುಂದಿನ ಹಜಾರದಲ್ಲಿ ಈರಬಸಪ್ಪನ ಮಗ ಬಸವಪ್ರಭು ಅತ್ತಿಂದಿತ್ತ ತಿರುಗುತ್ತಿದ್ದ. ನಲವತ್ತರ ಗಟ್ಟಿ ಆಳು. ಮಾರ್ಕೆಟ್ ಯಾರ್ಡಿನಲ್ಲಿ ಹರಾಜು ಕೂಗಿ ಕೂಗಿ ಅವನ ದನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಅವನ ತಾಯಿ ಬಸವಣ್ಣೆವ್ವ ಮೂಲೆಯ ಬೆಂಚಿನಲ್ಲಿ ಕೈಚೀಲ ಅವುಚಿಕೊಂಡು ಕೂತಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಬೆಳಿಗ್ಗೆಯಿಂದ ಅವಳು ಒಂದು ಗುಟುಕು ನೀರೂ ಕುಡಿದಿರಲಿಲ್ಲ.

“ಸಾಹೇಬ್ರ, ಆ ಹುಡುಗೀನ ಇನ್ನೂ ಹಿಡಿದಿಲ್ಲೇನ್ರಿ?” ಬಸವಪ್ರಭು ನೇರ ವಿಷಯಕ್ಕೇ ಬಂದ. “ನಮ್ಮಪ್ಪನ ಮೈಯೇನು ನಿಮ್ಮ ಸಾಲಿ ಪಾಟಿ ಏನ್ರಿ, ಹುಡುಗ್ಯಾರು ಬರದು ಅಳಸಿ ಕಲಿಯಾಕ?”

“ಕಲಿಯಾಕಿ ನೋಡಿ ನೋಡಿ ಮಾಡ್ತಾಳ್ರಿ. ಕಲತೀನಿ ಅಂದಾಕಿನ ನೋಡ್ಲಾರದ ಮಾಡಾಕಿ,” ಎಂದು ರೇಣು ತಿರುಗಿಸಿ ಕೊಟ್ಟಳು.

ಆಮೇಲೆ ಅವನನ್ನು ಬಿಟ್ಟು ಮುದುಕಿಯ ಪಕ್ಕ ಹೋಗಿ ಕೂತಳು.

“ಯವ್ವಾ, ಮುಂಜಾನೆ ಯಜಮಾನ್ರು ಹ್ಯಾಂಗಿದ್ರು?”

“ಚಲೋ ಇದ್ರವ್ವಾ. ನಗನಗತಾ ಇದ್ರು. ಸೂಜಿ ಮಾಡಾಕ ಯಾರ ಬರಲಿ, ‘ಬಂತ ನೋಡು ಗುಂಗಾಡು’ ಅಂತಾರ, ಸೊಳ್ಳಿ ಕಡದಂಗ ಆಗ್ತದಂತ. ಇವತ್ತೂ ಅಂದ್ರು. ಆ ಹುಡುಗಿನೂ ನಕ್ಕಳು.” ಬಸವಣ್ಣೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಗುಂಗಾಡ ಅಂದವರು ಹಿಂಗ ಮಲಗಿಬಿಟ್ರು ನೋಡ್ರಿ.”

ರೇಣುವಿನ ಕಿವಿ ನಿಮಿರಿತು. ಎಂತದೂ ಮಾತಾಡಲಿಲ್ಲ ಎಂದಿದ್ದಳಲ್ಲ ದೀಕ್ಷಿತಾ? ಹೆದರಿದ ಹುಡುಗಿ, ಮರೆತಿರಬೇಕು. ಹಾಗಂತ ತನಗೆ ತಾನೇ ಹೇಳಿಕೊಂಡು ಬಸವಪ್ರಭುವಿನ ಕಡೆ ತಿರುಗಿದಳು.

“ಮನಿಯೊಳಗ ಅಪ್ಪಾರಿಗೆ ಇನ್ಸುಲಿನ್ ಹ್ಯಾಂಗ ಕೊಡ್ತಿದ್ರಿ? ಪೆನ್ನಿನ್ಯಾಗೇನು?”

“ಹೌದ್ರಿ. ನಾನ ತಂದುಕೊಟ್ಟಿದ್ದೆ, ಸೂಜಿ ಕಾಟ ಬ್ಯಾಡಂತ. ಇಲ್ಲೆ ಬಂದ ಮ್ಯಾಲ ಡಾಕ್ಟರು ಪೆನ್ನು ಬಿಡಿಸಿ ಬಾಟ್ಲಿ ಮಾಡಿದ್ರು.”

“ಪೆನ್ನಿಗೆ ಹಾಕೂ ಔಷಧದ ಕೊಳವಿ ಉಳಿದಿರಬೇಕಲ್ಲ?”

“ಮನಿ ಫ್ರಿಜ್ಜಿನ್ಯಾಗ ಅದಾವ. ಯಾಕ್ರಿ?”

“ಮನಿಗೆ ಫೋನ್ ಮಾಡ್ರಿ. ಅದಾವೋ ಇಲ್ಲೋ ನೋಡಸ್ರಿ.”

ಬಸವಪ್ರಭುವಿನ ಮುಖ ಕೆಂಪಾಯಿತು. “ಏನ್ ಹೇಳಾಕ ಹೊಂಟೀರಿ ನೀವು? ನಾನ ನಮ್ಮಪ್ಪಗ ಏನರ ಮಾಡೀನಿ ಅಂತೇನು?”

“ನಾ ಏನೂ ಅಂದಿಲ್ಲ. ಫೋನ್ ಮಾಡ್ರಿ ಅಂದೆ.”

“ಮಾಡೂದಿಲ್ಲ! ತಪ್ಪ ಮಾಡಿದಾಕಿ ನಿಮ್ಮ ಹುಡುಗಿ. ಆಕಿನ್ನ ಉಳಸಾಕ ನಮ್ಮ ಮನಿ ಮ್ಯಾಲ ಹೊರಸಾಕ ನೋಡಾಕತ್ತೀರಿ!”

ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಶಿವಪ್ರಕಾಶ ಒಂದು ಹೆಜ್ಜೆ ಮುಂದೆ ಬಂದ.

“ಮಾಲಕ್ರ, ಫೋನ್ ಮಾಡ್ರಿ,” ಎಂದ, ತೀರ ಮೆಲ್ಲಗೆ.

ಬಸವಪ್ರಭು ಹಲ್ಲು ಕಚ್ಚಿ ಫೋನು ಹಚ್ಚಿದ. ಮನೆಯಲ್ಲಿ ಹೆಂಡತಿ ಫ್ರಿಜ್ಜು ತೆರೆದ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. ಮೊಸರಿನ ಪಾತ್ರೆ ಸರಿಸಿದಳು, ಏನೋ ಡಬ್ಬಿ ಎತ್ತಿಟ್ಟಳು.

“ಇಲ್ರಿ. ಬಾಗಲದಾಗ ಇಟ್ಟಿದ್ವಿ. ಒಂದೂ ಇಲ್ಲ.”

ಫೋನು ಅವನ ಕೈಯಲ್ಲೇ ಉಳಿಯಿತು. ಈಗ ತನ್ನ ಮೇಲೆ ನೆಟ್ಟ ಕಣ್ಣುಗಳನ್ನು ಕಂಡು ಆ ಗಟ್ಟಿ ಆಳು ಮೊದಲ ಬಾರಿಗೆ ತೊದಲಿದ.

“ನಾ… ನಾ ಮುಟ್ಟಿಲ್ರಿ. ಬಸವಣ್ಣನ ಆಣಿ, ನಾ ಮುಟ್ಟಿಲ್ಲ.”

“ನಿನ್ನಿ ಸಂಜಿಮುಂದ ವಾರ್ಡಿಗೆ ಬಂದಿದ್ರಿ?” ಶಿವಪ್ರಕಾಶ ಕೇಳಿದ.

“ಬಂದಿದ್ದೆ. ಆದ್ರ ಅಪ್ಪನ ಹತ್ರ ಕುಂತು ಹ್ವಾದೆ, ಅಷ್ಟ.”

“ಮೇಡಂ, ಆ ಕೊಳವಿಗೂ ಈ ಬಾಟ್ಲಿಗೂ ಏನ್ ಸಂಬಂಧ, ನನಗ ತಿಳಿಯೂ ಹಂಗ ಹೇಳ್ರಿ,” ಶಿವಪ್ರಕಾಶ ಕಣ್ಣು ಬಸವಪ್ರಭುವಿನ ಮೇಲಿಟ್ಟೇ ಕೇಳಿದ.

ರೇಣು ಏಪ್ರನ್ನಿನ ಜೇಬಿನಿಂದ ಎರಡು ಸಿರಿಂಜು ತೆಗೆದಳು. ಒಂದರ ಟೋಪಿ ಕೆಂಪು, ಇನ್ನೊಂದರದು ಕಿತ್ತಳೆ.

“ನೀವು ಬೆಲ್ಲದ ಮಂದಿ, ನಿಮಗ ಬೆಲ್ಲದಾಗ ಹೇಳ್ತೀನಿ. ಒಂದ ಚಮಚಾ ಪಾನಕ ತಗೋರಿ, ಅದ ಚಮಚದಾಗ ಬೆಲ್ಲದ ಪಾಕ ತಗೋರಿ. ಚಮಚಾ ಒಂದ. ಸಿಹಿ ಒಂದ ಆಗ್ತದೇನು? ಬಾಟ್ಲಿದು ಪಾನಕ, ಪೆನ್ನಿಂದು ಪಾಕ. ಬಾಟ್ಲಿ ಔಷಧದಾಗ ಒಂದ ಎಮ್ಮೆಲ್ಲಿಗೆ ನಲವತ್ತು ಯೂನಿಟ್, ಅದಕ್ಕ ಈ ಕೆಂಪು ಟೋಪಿ ಸಿರಿಂಜ್. ಪೆನ್ನಿನ ಔಷಧದಾಗ ಅಷ್ಟ ಜಾಗಾದಾಗ ನೂರು. ಅದಕ್ಕ ಸಿರಿಂಜ್ ಬೇಕಂದ್ರ ಕಿತ್ತಳಿ ಟೋಪಿದು. ಪಾಕ ತಂದು ಪಾನಕದ ಬಾಟ್ಲಿಗೆ ಸುರುವಿ, ಕೆಂಪು ಸಿರಿಂಜಿನಿಂದ ಇಪ್ಪತ್ತು ಗೆರಿ ಎಳದ್ರ ಮೈಯೊಳಗ ಹೋಗೂದು ಇಪ್ಪತ್ತಲ್ಲ. ಐವತ್ತು.”

“ಲೇಬಲ್ ನೋಡಿದ್ರ?”

“ಲೇಬಲ್ ನಲವತ್ತಂತನ ಹೇಳ್ತದ. ಎರಡೂ ಹಾಲಿನ ಹಂಗ ಬೆಳ್ಳಗ ಇರ್ತಾವ. ಮೂರು ಸಲ ಅಲ್ಲ, ನೂರು ಸಲ ನೋಡಿದ್ರೂ ಯಾರಿಗೂ ತಿಳಿಯೂದಿಲ್ಲ. ಸುರುವಿದವರಿಗಷ್ಟ ಗೊತ್ತು.”

ಶಿವಪ್ರಕಾಶ ಬಸವಪ್ರಭುವಿನ ಭುಜದ ಮೇಲೆ ಕೈಯಿಟ್ಟ. “ನಡೀರಿ, ಠಾಣೆದಾಗ ಕುಂತು ಮಾತಾಡೂಣು.”

ಅಷ್ಟರಲ್ಲಿ ಹಿಂದೆ ಏನೋ ಬಿದ್ದ ಸದ್ದು. ಬಸವಣ್ಣೆವ್ವನ ಕೈಚೀಲ ನೆಲಕ್ಕೆ ಬಿದ್ದಿತ್ತು. ಅವಳು ಗೋಡೆ ಹಿಡಿದು ಎದ್ದು ನಿಂತಿದ್ದಳು.

“ಅವನ್ನ ಬಿಡ್ರಿ.” ದನಿ ಒಣಗಿತ್ತು. “ಕೊಳವಿ ನಾ ತಂದೀನಿ. ನಾನ ಹಾಕೀನಿ.”

“ಯವ್ವಾ!”

“ಸುಮ್ಮನಿರೋ ಪ್ರಭು.” ಅವಳು ರೇಣುವಿನ ಮುಖವನ್ನೇ ನೋಡುತ್ತಿದ್ದಳು. “ಬಾಟ್ಲಿ ತಳಾ ಕಂಡಿತ್ತ್ರಿ. ಮನ್ಯಾಗ ಆ ಕೊಳವಿ ಸುಮ್ಮನ ಬಿದ್ದಿದ್ವು. ಅನ್ನ ಚೆಲ್ಲಬಾರದು, ಔಷಧ ಚೆಲ್ಲಬಾರದು ಅಂತಾರ ನಮ್ಮಲ್ಲೆ. ಪೆನ್ನಿನ್ಯಾಗೂ ಇಪ್ಪತ್ತ ಕೊಡ್ತಿದ್ದೆ, ಇಲ್ಲೆ ಸೂಜ್ಯಾಗೂ ಇಪ್ಪತ್ತ ಕೊಡ್ತಾರ. ಎಲ್ಲಾ ಒಂದ ಅಲ್ಲೇನು ಅಂದ್ಕೊಂಡೆ. ನಿನ್ನಿ ರಾತ್ರಿ ಸೂಜಿ ಆದ ಮ್ಯಾಲ ವಾರ್ಡಿನ ಆಯಾಗ ಹೇಳಿ ಡಬ್ಬಿ ತರಿಸ್ಕೊಂಡು ಎರಡು ಕೊಳವಿ ಸುರುವಿ ಕೊಟ್ಟೆ. ಪೆನ್ನು ಬರೂಕ್ಕಿಂತ ಮೊದಲ ಇವರಿಗೆ ನಾನ ಸೂಜಿ ಮಾಡ್ತಿದ್ದೆ, ಕೈ ರೂಢಿ ಇತ್ತ್ರಿ. ಸೂಜಿನೂ ಬಿಸಿನೀರಾಗ ಕುದಿಸಿದ್ದೆ…”

ಅವಳು ಐಸಿಯುವಿನ ಬಾಗಿಲತ್ತ ನೋಡಿದಳು.

“ನನ್ನ ಗಂಡಗ ನಾನ ವಿಷಾ ಹಾಕಿದೆನೇನ್ರಿ ಅಕ್ಕಾರ?”

ರೇಣುವಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮುದುಕಿಯ ಸಣ್ಣ ಭುಜಗಳನ್ನು ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ಬಸವಪ್ರಭು ಅಲ್ಲೇ ನೆಲದ ಮೇಲೆ, ಅವ್ವನ ಕಾಲ ಬಳಿ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆಳಿಗ್ಗೆಯಿಂದ ಜೈಲಿಗೆ ಹಾಕಿಸುತ್ತೇನೆ ಎಂದು ಕೂಗಿದ್ದವನಿಗೆ ಈಗ ಯಾರನ್ನು ಹಾಕಿಸಬೇಕೋ ತಿಳಿಯಲಿಲ್ಲ.

ರೇಣು ಐಸಿಯುವಿನ ಬಾಗಿಲು ಬಡಿದು ಡಾಕ್ಟರನ್ನು ಹೊರಗೆ ಕರೆದಳು. ಹೋಗಿರುವುದು ಇಪ್ಪತ್ತಲ್ಲ, ಐವತ್ತು ಎಂದು ಹೇಳಿದಳು. ಸಕ್ಕರೆ ಸ್ವಲ್ಪ ಏರಿದೆ, ಸಂಜೆ ಗ್ಲೂಕೋಸ್ ನಿಲ್ಲಿಸೋಣ ಎಂದುಕೊಂಡಿದ್ದ ಡಾಕ್ಟರು ಪೂರ್ತಿ ಕೇಳುವ ಮೊದಲೇ ಒಳಗೆ ಓಡಿದರು. ನಿಲ್ಲಿಸಿದ್ದರೆ ರಾತ್ರಿ ಮತ್ತೆ ಇಳಿಯುತ್ತಿತ್ತು. ಆಗ ಯಾರಿಗೂ ಎಬ್ಬಿಸಲು ಆಗುತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಒಬ್ಬ ನರ್ಸು ಬಂದು, ಅಜ್ಜ ಹೆಸರು ಕರೆದರೆ ಬೆರಳು ಅಲ್ಲಾಡಿಸುತ್ತಿದ್ದಾರೆ ಎಂದಳು. ಬಸವಣ್ಣೆವ್ವ ಸೆರಗಿನಲ್ಲಿ ಮುಖ ಹುದುಗಿಸಿ ಗಟ್ಟಿಯಾಗಿ ಅತ್ತಳು.

ಶಿವಪ್ರಕಾಶ ಟೋಪಿ ತೆಗೆದು ಬೆವರು ಒರೆಸಿಕೊಂಡ.

“ಡೋಸಿಂದು ತಿಳೀತು. ಆದ್ರ ಯವ್ವಾ, ಆ ಬಾಟ್ಲಿ ತಗದು ಹೊಸಾದು ಇಟ್ಟಾಕಿನೂ ನೀನ ಏನು?”

“ಇಲ್ಲೋ ಯಪ್ಪಾ. ನಾ ಅದ್ಯಾಕ ತಗೀಲಿ? ತಪ್ಪ ಆಗ್ಯದಂತ ನನಗ ಈಗ ಗೊತ್ತಾತು.”

ಅದು ನಿಜ. ಅಜ್ಜಿಗೆ ತಪ್ಪೇ ಗೊತ್ತಿರಲಿಲ್ಲ, ಮುಚ್ಚಿಡುವ ಮಾತೆಲ್ಲಿ? ಆದರೆ ಬೇರೆ ಯಾರಿಗೋ ಗೊತ್ತಾಗಿತ್ತು. ಆ ಬಾಟಲಿಯಲ್ಲಿ ಏನೋ ಎಡವಟ್ಟಿದೆ ಎಂದು ಎಲ್ಲರಿಗಿಂತ ಮೊದಲೇ ಹೊಳೆದು, ಡಾಕ್ಟರಿಗೆ ಹೇಳುವ ಬದಲು ಅದನ್ನು ಬಚ್ಚಿಟ್ಟವರು ಯಾರೋ ಈ ಕಟ್ಟಡದಲ್ಲೇ ಇದ್ದಾರೆ. ರೇಣುವಿಗೆ ಈಗ ಸಿಟ್ಟು ಬಂತು, ಬಿಸಿ ಸಿಟ್ಟು.

“ಸಾಹೇಬ್ರ, ಹುಡುಗ್ಯಾರು ಮೊದಲ ದಿನ ಬಂದಾಗ ನಾ ಎರಡ ಮಾತು ಹೇಳಿಕೊಡ್ತೀನಿ. ನೀ ತುಂಬಿದ್ದನ್ನ ನೀನ ಚುಚ್ಚು. ನೀ ಚುಚ್ಚಿದ್ದಕ್ಕ ನೀನ ಸಹಿ ಹಾಕು. ನನ್ನ ದೀಕ್ಷಿತಾ ಆ ಮಾತು ಮೀರಿಲ್ಲ, ಆಕಿ ಕೈ ಶುದ್ಧ ಅದ. ಬಾಟ್ಲಿ ಬಚ್ಚಿಟ್ಟವರು ಯಾರ ಇರ್ಲಿ, ಅನುಜಾನ ಇರ್ಲಿ ಬ್ಯಾರೆಯವರ ಇರ್ಲಿ, ನಾನ ಕೈ ಹಿಡದು ತಂದು ನಿಮ್ಮ ಮುಂದ ನಿಲ್ಲಸ್ತೀನಿ.”

“ನೆನಪಿಟ್ಟಿರ್ತೀನಿ ಮೇಡಂ,” ಎಂದ ಶಿವಪ್ರಕಾಶ. ಮೊದಲ ಸಲ ಅವನು ಅವಳತ್ತ ಗೌರವದಿಂದ ನೋಡಿದ.

ಬಸವಣ್ಣೆವ್ವ ರೇಣುವಿನ ಸೆರಗು ಜಗ್ಗಿದಳು.

“ಅಕ್ಕಾರ, ಆ ಹುಡುಗೀನ ಕರಸ್ರಿ. ನನ್ನ ತಪ್ಪಿಗೆ ಆಕಿ ಬೈಸ್ಕೊಂಡಾಳ. ಸಣ್ಣಾಕಿ ಇದ್ರೂ ಅಡ್ಡಿಯಿಲ್ಲ, ಆಕಿ ಕಾಲ ಹಿಡೀತೀನಿ.”

ರೇಣು ತಾನೇ ಹೋಗಿ ದೀಕ್ಷಿತಾಳನ್ನು ಕರೆತಂದಳು. ದಾರಿಯಲ್ಲಿ ಎಲ್ಲ ಹೇಳಿದಳು. ನೀನು ಗೆದ್ದೆ ಕಣೆ, ಕೆಳಗೆ ಹೋಗಿ ಅಪ್ಪನಿಗೆ ಹೇಳು ಎಂದೂ ಹೇಳಿದಳು. ಹುಡುಗಿ ನಗಬೇಕಿತ್ತು. ನಗಲಿಲ್ಲ. ಹಜಾರದ ಬಾಗಿಲ ಬಳಿ ಬಂದು, ಬೆಂಚಿನ ಮೇಲಿದ್ದ ಮುದುಕಿಯನ್ನು ಕಂಡದ್ದೇ ಕಾಲು ಹಿಂದೆಗೆಯಿತು.

“ಬಾ, ಹೆದರಬ್ಯಾಡ,” ಎಂದು ರೇಣು ಅವಳ ಕೈ ಹಿಡಿದು ಮುಂದೆ ನಿಲ್ಲಿಸಿದಳು. “ಯವ್ವಾ, ಇಕಿನ ದೀಕ್ಷಿತಾ.”

ಬಸವಣ್ಣೆವ್ವ ತಲೆಯೆತ್ತಿ ನೋಡಿದಳು. ಎರಡು ಕೈ ಮುಂದೆ ಚಾಚಿದವಳು ಹಾಗೇ ತಡೆದಳು. ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇಕಿ ಯಾರ್ರಿ?”

“ಇಕಿನ್ರಿ, ಮುಂಜಾನೆ ಯಜಮಾನ್ರಿಗೆ ಸೂಜಿ ಮಾಡಿದಾಕಿ.”

“ಅಲ್ರಿ ಅಕ್ಕಾರ. ಸೂಜಿ ಮಾಡಿದಾಕಿ ಇಕಿ ಅಲ್ಲ.”

ಶಿವಪ್ರಕಾಶ ತಟ್ಟನೆ ದೀಕ್ಷಿತಾಳತ್ತ ತಿರುಗಿದ.

“ಯವ್ವಾ, ಎಲ್ಲಾರೂ ಒಂದ ನಮೂನಿ ಏಪ್ರನ್, ಒಂದ ನಮೂನಿ ಮಾಸ್ಕ್,” ಎಂದಳು ರೇಣು. ತನ್ನ ದನಿ ತನಗೇ ಬೇರೆಯಾಗಿ ಕೇಳಿಸಿತು. “ನೀನು ಗುರ್ತ ತಪ್ಪಿರಬೇಕು.”

“ಮಾರಿ ನಾ ನೋಡಿಲ್ರಿ, ಖರೇ ಅದ. ಆದ್ರ ಆಕಿ ಇಕಿಗಿಂತ ಎತ್ತರ ಇದ್ಲು. ನಮ್ಮ ಕಡೆ ಮಾತಾಡಿದ್ಲು. ಇವರು ಗುಂಗಾಡ ಅಂದಕೂಡ್ಲೆ ನಕ್ಕು, ‘ಅಜ್ಜಾರ, ಈ ಗುಂಗಾಡು ಭಾಳ ಕಡಿಯೂದಿಲ್ರಿ, ಅಲ್ಲಾಡಬ್ಯಾಡ್ರಿ’ ಅಂದ್ಲು.” ಬಸವಣ್ಣೆವ್ವ ನೆನಪು ಮಾಡಿಕೊಳ್ಳುತ್ತ ತನ್ನ ಎಡಗೈ ಎತ್ತಿ ತೋರಿಸಿದಳು. “ಕಿಟಕಿ ಕಡೆ ಹೋಗಿ ನಿಂತು ಈ ಕೈಲೆ ಸೂಜಿ ಮಾಡಿದ್ಲು. ನನಗ ಕೆಡಕು ಅನಿಸ್ತು. ಎಡಗೈಲೆ ಔಷಧ ಕೊಡ್ತಾರೇನು ಅಂತ ಬಾಯಿ ತುದಿಗೆ ಬಂದಿತ್ತು, ನುಂಗಿದೆ.”

ಕಿಟಕಿಯ ಕಡೆಯ ಸ್ಟೂಲು. ಇಕ್ಕಟ್ಟಿನ ಸಂದಿಯ ಟ್ರೇ. ಅನುಜಾ ಕಣ್ಣಾರೆ ನೋಡಿದ್ದು ಸಿರಿಂಜನ್ನು. ಸಿರಿಂಜು ಹಿಡಿದವಳ ಮುಖ ಯಾವುದೆಂದು ಅವಳನ್ನು ಕೇಳಿದವರಾರು? ರೇಣು ಕೇಳಿರಲಿಲ್ಲ.

ದೀಕ್ಷಿತಾ ಅವಳ ಕೈಯಿಂದ ಕೈ ಬಿಡಿಸಿಕೊಂಡು ಗೋಡೆಗೆ ಒರಗಿದಳು.

“ಬಸ್ಸು ತಡವಾಯಿತು ಮೇಡಂ. ನಾನು ಬರುವಾಗ ಇಂಜೆಕ್ಷನ್ ಆಗಿ ಹೋಗಿತ್ತು. ನೀನು ಸಹಿ ಹಾಕು, ಹಾಜರಿ ಉಳಿಯುತ್ತದೆ ಅಂತ ಕೊಟ್ಟವಳೇ ಹೇಳಿದಳು. ಅಜ್ಜ ಬಿದ್ದಾಗ ಹೆದರಿ ಬಾಟಲಿ ಬದಲಿಸಿದ್ದೂ ಅವಳೇ. ನನ್ನ ಒಳ್ಳೆಯದಕ್ಕೇ ಮಾಡಿದ್ದು ಅವಳು.” ಅವಳು ಬಿಕ್ಕಿದಳು. “ಹೆಸರು ಮಾತ್ರ ಕೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೇನೆ.”

ಶಿವಪ್ರಕಾಶ ಅವಳನ್ನು ಕೇಳಲಿಲ್ಲ. ರೇಣುವಿನ ಕಡೆ ತಿರುಗಿದ. ಅವನ ಮಾತಿನಲ್ಲಿ ಗಡಸಿರಲಿಲ್ಲ, ಅದೇ ಹೆಚ್ಚು ಭಯವಾಗುವಂತಿತ್ತು.

“ಮೇಡಂ, ನಿಮ್ಮ ಕ್ಲಾಸಿನ್ಯಾಗ ನಮ್ಮ ಕಡೆ ಮಾತಾಡೂ ಹುಡುಗ್ಯಾರೊಳಗ ಎಡಚರು ಎಷ್ಟ ಮಂದಿ ಅದಾರ?”

ಬಸವಪ್ರಭು, ಅವನ ಅವ್ವ, ದೀಕ್ಷಿತಾ, ಎಲ್ಲರೂ ರೇಣುವನ್ನೇ ನೋಡುತ್ತಿದ್ದರು. ಕೈ ಹಿಡಿದು ತಂದು ನಿಲ್ಲಿಸುತ್ತೇನೆ ಎಂದು ಈಗಷ್ಟೇ ಎಲ್ಲರೆದುರು ಹೇಳಿದ್ದಳು.

“ಒಬ್ಬಾಕಿನ,” ಎಂದಳು.

ಟ್ಯೂಟರುಗಳ ಕೋಣೆಯಲ್ಲಿ, ಆ ಒಬ್ಬಾಕಿ ಬೆಳಿಗ್ಗೆ ಕಟ್ಟಿಕೊಟ್ಟ ಡಬ್ಬಿ ಉಲ್ಟಾ ಗಂಟಿನ ಸಮೇತ ಇನ್ನೂ ಮೇಜಿನ ಮೇಲೇ ಇತ್ತು.